75 ದಾಟಿದ ಹಿರಿಯರಿಗೆ ಕರುಳಿನ ಕ್ಯಾನ್ಸರ್ ತಪಾಸಣೆ: ಬೇಕೋ ಬೇಡವೋ, ವೈದ್ಯರು ಹೇಗೆ ತೀರ್ಮಾನಿಸುತ್ತಾರೆ?

"ಸಾಹೇಬ್ರ, ನಮ್ಮ ಮುತ್ಯಾಗ ಎಪ್ಪತ್ತೆಂಟು ಆದುವು. ಒಮ್ಮೆ ಎಲ್ಲಾ ಚೆಕಪ್ ಮಾಡಿಬಿಡ್ರಿ, ಕ್ಯಾನ್ಸರ್‌ದೂ ನೋಡಿಬಿಡ್ರಿ." ಪುಣೆಯಲ್ಲೋ ಬೆಂಗಳೂರಿನಲ್ಲೋ ಕೆಲಸ ಮಾಡುವ ಮಕ್ಕಳು, ಮೊಮ್ಮಕ್ಕಳು ಹಬ್ಬಕ್ಕೆ ಊರಿಗೆ ಬಂದಾಗ ವಿಜಯಪುರದ ಡಾಕ್ಟರ ಮುಂದೆ ಹೀಗೆ ಕೇಳುವುದು ಸಹಜ. ಕಾಳಜಿ ಇದ್ದವರೇ ಕೇಳುತ್ತಾರೆ. ಆದರೆ ದೊಡ್ಡ ಕರುಳಿನ ಕ್ಯಾನ್ಸರ್ ತಪಾಸಣೆ ಶುಗರ್, ಬಿಪಿ ನೋಡಿದಷ್ಟು ಸರಳವಲ್ಲ. ಕೆಲವು ಹಿರಿಯರಿಗೆ ಅದರಿಂದ ಉಪಯೋಗ ಇದೆ, ಕೆಲವರಿಗೆ ತೊಂದರೆಯೇ ಜಾಸ್ತಿ. ವೈದ್ಯರು ಒಂದೊಂದಾಗಿ ಏನೇನು ನೋಡುತ್ತಾರೆ ಅಂತ ಗೊತ್ತಿದ್ದರೆ, ನೀವೂ ಅವರ ಜೊತೆ ಕೂತು ಸರಿಯಾಗಿ ಮಾತಾಡಬಹುದು.

ಹೆಜ್ಜೆ 1: ಲಕ್ಷಣ ಇದೆಯಾ?

ಎಲ್ಲಕ್ಕಿಂತ ಮೊದಲ ಪ್ರಶ್ನೆ ಇದು. ತಪಾಸಣೆ ಎಂದರೆ ಯಾವ ತೊಂದರೆಯೂ ಇಲ್ಲದವರಲ್ಲಿ ಅಡಗಿರುವ ರೋಗ ಹುಡುಕುವುದು. ತೊಂದರೆ ಇದ್ದವರಿಗೆ ಮಾಡುವುದು ರೋಗ ಪತ್ತೆ ಪರೀಕ್ಷೆ. ಅದಕ್ಕೆ ವಯಸ್ಸಿನ ಮಿತಿ ಇಲ್ಲ.

ಮಲದಲ್ಲಿ ರಕ್ತ, ಡಾಂಬರಿನಂತೆ ಕಪ್ಪಾದ ಮಲ, ಕೆಲವು ವಾರಗಳಿಂದ ಬದಲಾದ ಮಲವಿಸರ್ಜನೆಯ ರೀತಿ, ಹೋಗಿ ಬಂದರೂ ಹೊಟ್ಟೆ ಖಾಲಿಯಾಗಿಲ್ಲ ಅನಿಸುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಹಿಮೋಗ್ಲೋಬಿನ್ ಕಡಿಮೆಯಾಗುವುದು. ಇದರಲ್ಲಿ ಒಂದಿದ್ದರೂ ಈ ಲೇಖನದ ಉಳಿದ ಹೆಜ್ಜೆಗಳಿಗಾಗಿ ಕಾಯಬೇಡಿ, ವೈದ್ಯರಿಗೆ ತೋರಿಸಿ. ನಮ್ಮ ಕಡೆ ರಕ್ತ ಕಂಡರೆ ಮೂಲವ್ಯಾಧಿ ಅಂತ ಮನೆಯವರೇ ಹೆಸರಿಟ್ಟು, ಯಾರೋ ಹೇಳಿದ ಔಷಧಿ ತಿಂಗಳುಗಟ್ಟಲೆ ಕೊಡುವುದುಂಟು. ಮೂಲವ್ಯಾಧಿಯೇ ಇರಬಹುದು. ಆದರೆ ಅದನ್ನು ನೋಡಿ ಹೇಳಬೇಕಾದವರು ವೈದ್ಯರು. ಹಾಗೆಯೇ, ವಯಸ್ಸಾದವರಲ್ಲಿ ಕಬ್ಬಿಣದ ಅಂಶ ಇಳಿದು ರಕ್ತ ಕಡಿಮೆಯಾದರೆ, ರಕ್ತ ಎಲ್ಲಿ ಸೋರಿ ಹೋಗುತ್ತಿದೆ ಅಂತ ಹುಡುಕಬೇಕು. ಬರೀ ಟಾನಿಕ್ ಸಾಲದು.

ಇನ್ನೊಂದು ವಿಷಯ. ಆಯಿ ಮಗನ ಮುಂದೆ ಸಂಡಾಸದ ಮಾತು ಆಡುವುದಿಲ್ಲ. ಮಗಳೋ ಸೊಸೆಯೋ ಮನೆಯಲ್ಲೇ ನಿಧಾನವಾಗಿ ಕೇಳಿಕೊಂಡು ಬಂದರೆ ವೈದ್ಯರಿಗೆ ತುಂಬಾ ಸಹಾಯವಾಗುತ್ತದೆ.

ಹೆಜ್ಜೆ 2: ವಯಸ್ಸಿನ ಗೆರೆ

ಭಾರತದ ಸರ್ಕಾರಿ ಕ್ಯಾನ್ಸರ್ ತಪಾಸಣೆ ಕಾರ್ಯಕ್ರಮದಲ್ಲಿ 30 ದಾಟಿದವರಿಗೆ ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್ ನೋಡುತ್ತಾರೆ. ಕರುಳಿನ ಕ್ಯಾನ್ಸರ್ ಆ ಪಟ್ಟಿಯಲ್ಲಿಲ್ಲ. ಪಾಶ್ಚಾತ್ಯ ದೇಶಗಳಿಗಿಂತ ನಮ್ಮಲ್ಲಿ ಈ ಕ್ಯಾನ್ಸರ್ ಕಡಿಮೆ. ಪಟ್ಟಿಯಲ್ಲಿ ಇಲ್ಲದ್ದರಿಂದ ವೈದ್ಯರು ಹೊರದೇಶದ ಮಾರ್ಗಸೂಚಿಗಳನ್ನೂ ನೋಡುತ್ತಾರೆ.

ಅಮೆರಿಕದ ಪರಿಣತರ ಕಾರ್ಯಪಡೆ 2021ರಲ್ಲಿ ಹೇಳಿದ್ದು ಹೀಗೆ: 45ರಿಂದ 75ರವರೆಗೆ ತಪಾಸಣೆ ಮಾಡಿಸಿ, 76ರಿಂದ 85ರವರೆಗೆ ಒಬ್ಬೊಬ್ಬರನ್ನೂ ನೋಡಿ ತೀರ್ಮಾನಿಸಿ, 85 ದಾಟಿದ ಮೇಲೆ ಬಿಡಿ. ಇಂಗ್ಲೆಂಡ್‌ನಲ್ಲಿ 74ರವರೆಗೆ ಮಲ ಪರೀಕ್ಷೆಯ ಕಿಟ್ ಮನೆಗೇ ಬರುತ್ತದೆ. ಆಮೇಲೆ ಬೇಕಾದವರು ಕೇಳಿ ತರಿಸಿಕೊಳ್ಳಬೇಕು.

ಹೆಜ್ಜೆ 3: ಮುಂದಿನ ಹತ್ತು ವರ್ಷ

ಇಡೀ ತೀರ್ಮಾನ ನಿಂತಿರುವುದು ಇದರ ಮೇಲೆ. ಕರುಳಿನ ಒಳಗೋಡೆಯಲ್ಲಿ ಹುಟ್ಟುವ ಸಣ್ಣ ಗಂಟಿಗೆ ಪಾಲಿಪ್ ಅನ್ನುತ್ತಾರೆ. ಎಲ್ಲ ಪಾಲಿಪ್ ಕ್ಯಾನ್ಸರ್ ಆಗುವುದಿಲ್ಲ. ಆಗುವುದಕ್ಕೂ ಸಾಮಾನ್ಯವಾಗಿ ಹತ್ತು ವರ್ಷದ ಹತ್ತಿರ ಹಿಡಿಯುತ್ತದೆ. ಹಾಗಾಗಿ ಇವತ್ತು ತಪಾಸಣೆ ಮಾಡಿದರೆ ಅದರ ಲಾಭ ಇವತ್ತೇ ಸಿಗುವುದಿಲ್ಲ. ಮಲ ಪರೀಕ್ಷೆಯ ದೊಡ್ಡ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು 2013ರಲ್ಲಿ ಲೆಕ್ಕ ಹಾಕಿದಾಗ, ತಪಾಸಣೆಗೆ ಒಳಗಾದ 1000 ಜನರಲ್ಲಿ ಒಬ್ಬರ ಸಾವು ತಪ್ಪಲು ಸುಮಾರು 10.3 ವರ್ಷ ಬೇಕು ಅಂತ ಕಂಡುಬಂತು. ತೊಂದರೆಯಾಗುವುದಿದ್ದರೆ ಮಾತ್ರ ಪರೀಕ್ಷೆಯ ದಿನವೋ ಮರುವಾರವೋ ಆಗಿಬಿಡುತ್ತದೆ.

ಆದ್ದರಿಂದ ವೈದ್ಯರು ಮನಸ್ಸಿನಲ್ಲೇ ಕೇಳಿಕೊಳ್ಳುತ್ತಾರೆ: ಇವರು ಇನ್ನೂ ಹತ್ತು ವರ್ಷ ಬದುಕುವ ಸಾಧ್ಯತೆ ಎಷ್ಟು? ಕೇಳಲು ಕಠಿಣ ಅನಿಸಬಹುದು. ಆದರೆ ಈ ಪ್ರಶ್ನೆ ಕೇಳದೆ ಪರೀಕ್ಷೆ ಬರೆದುಕೊಡುವುದು ಹಿರಿಯರಿಗೆ ಮಾಡುವ ಅನ್ಯಾಯ ಅಂತ ನಾನು ನಂಬುತ್ತೇನೆ.

ಇಬ್ಬರನ್ನು ಊಹಿಸಿಕೊಳ್ಳಿ. ಗುಳೇದಗುಡ್ಡದ ನೇಕಾರ ಅಜ್ಜನಿಗೆ 77. ಬಿಪಿ ಗುಳಿಗೆ ಒಂದೇ. ಈಗಲೂ ಮಗ್ಗದ ಮುಂದೆ ಕೂರುತ್ತಾರೆ, ಸಂತೆಗೆ ನಡೆದೇ ಹೋಗುತ್ತಾರೆ. ಬಸವನಬಾಗೇವಾಡಿಯ ಆಯಿಗೆ 72. ಹೃದಯದ ಶಕ್ತಿ ಕುಗ್ಗಿದೆ, ಕಿಡ್ನಿಯೂ ಸೋತಿದೆ, ವರ್ಷದಲ್ಲಿ ಎರಡು ಸಲ ಆಸ್ಪತ್ರೆ ಸೇರಿ ಬಂದಿದ್ದಾರೆ, ಬಚ್ಚಲಿಗೆ ಹೋಗಿ ಬಂದರೆ ಏದುಸಿರು. ಬರೀ ವಯಸ್ಸು ನೋಡಿದರೆ ಆಯಿಗೆ ತಪಾಸಣೆ, ಅಜ್ಜನಿಗೆ ಬೇಡ ಅನ್ನಬೇಕು. ಒಳ್ಳೆಯ ವೈದ್ಯರು ಇದನ್ನು ತಿರುವುಮುರುವು ಮಾಡುತ್ತಾರೆ. ಅಜ್ಜನ ಜೊತೆ ತಪಾಸಣೆಯ ಮಾತು ಎತ್ತುತ್ತಾರೆ. ಆಯಿಗೆ ಉಸಿರಾಟ ಹಗುರವಾಗುವ ಕಡೆ ಗಮನ ಕೊಡುತ್ತಾರೆ.

ಅಳೆಯುವುದು ಹೇಗೆ? ಹೃದಯ, ಶ್ವಾಸಕೋಶ, ಕಿಡ್ನಿಯ ಕಾಯಿಲೆ, ಶುಗರ್, ಪಾರ್ಶ್ವವಾಯು, ಮರೆವು, ತಂಬಾಕು, ಇತ್ತೀಚೆಗೆ ಇಳಿದ ತೂಕ, ಸ್ನಾನ ಮಾಡಲು ಬಟ್ಟೆ ಹಾಕಲು ಇನ್ನೊಬ್ಬರ ಕೈ ಬೇಕೇ ಅನ್ನುವುದು, ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ನಡಿಗೆಯೂ ತುಂಬಾ ಹೇಳುತ್ತದೆ. ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರಲು ಹೇಳುತ್ತಾರೆ. 12 ಸೆಕೆಂಡ್ ಅಥವಾ ಜಾಸ್ತಿ ಹಿಡಿದರೆ ಬೀಳುವ ಅಪಾಯ ಇದೆ ಅಂತ ಗುರುತು ಹಾಕಿಕೊಳ್ಳುತ್ತಾರೆ. ಯಾವ ಅಳತೆಯೂ ಆಯುಷ್ಯ ಇಷ್ಟೇ ಅಂತ ಹೇಳಲಾರದು. ಆದರೂ ದಿಕ್ಕು ಗೊತ್ತಾಗುತ್ತದೆ.

ಹೆಜ್ಜೆ 4: ಹಿಂದೆ ಏನಾಗಿದೆ, ಮನೆತನದಲ್ಲಿ ಯಾರಿಗಾಗಿದೆ

ಹತ್ತು ವರ್ಷದೊಳಗೆ ಕೊಲೊನೋಸ್ಕೋಪಿ (ದುರ್ಬೀನ್ ಹಾಕಿ ದೊಡ್ಡ ಕರುಳಿನ ಒಳಗೆ ನೋಡುವ ಪರೀಕ್ಷೆ) ಮಾಡಿ ಎಲ್ಲ ಸರಿ ಇದ್ದರೆ, ಮತ್ತೆ ಮಾಡಿಸಿ ಸಿಗುವ ಲಾಭ ಬಹಳ ಕಡಿಮೆ. ಒಮ್ಮೆಯೂ ಮಾಡಿಸದ, ಗಟ್ಟಿಮುಟ್ಟಾದ ಹಿರಿಯರಿಗೆ ಲಾಭ ಜಾಸ್ತಿ. ನಮ್ಮ ಜಿಲ್ಲೆಗಳ ಬಹುತೇಕ ಹಿರಿಯರು ಈ ಎರಡನೇ ಗುಂಪಿನವರು. ತಂದೆ, ತಾಯಿ, ಒಡಹುಟ್ಟಿದವರು, ಮಕ್ಕಳಲ್ಲಿ ಯಾರಿಗಾದರೂ ಈ ಕ್ಯಾನ್ಸರ್ ಆಗಿದ್ದರೆ, ಹಿಂದೆ ಪಾಲಿಪ್ ತೆಗೆದಿದ್ದರೆ, ಕರುಳಿನ ಹುಣ್ಣಿನ ದೀರ್ಘ ಕಾಯಿಲೆ ಇದ್ದರೆ ಲೆಕ್ಕವೇ ಬೇರೆ. ಹಳೆಯ ರಿಪೋರ್ಟ್ ಟ್ರಂಕಿನಲ್ಲಿದ್ದರೂ ಹುಡುಕಿ ತನ್ನಿ.

ಹೆಜ್ಜೆ 5: ಯಾವ ಪರೀಕ್ಷೆ

ಮುಖ್ಯವಾಗಿ ಎರಡು ದಾರಿ. ಒಂದು ಫಿಟ್ ಅನ್ನುವ ಮಲ ಪರೀಕ್ಷೆ. ಕಣ್ಣಿಗೆ ಕಾಣದ ರಕ್ತವನ್ನು ಅದು ಹಿಡಿಯುತ್ತದೆ. ಪಥ್ಯ ಬೇಡ, ಉಪವಾಸ ಬೇಡ. ಪದೇ ಪದೇ, ವರ್ಷಕ್ಕೊಮ್ಮೆ ಮಾಡಬೇಕು. ಇನ್ನೊಂದು ಕೊಲೊನೋಸ್ಕೋಪಿ, ಜನ ದುರ್ಬೀನ್ ಹಾಕಿ ನೋಡುವುದು ಅನ್ನುತ್ತಾರಲ್ಲ, ಅದು. ಪಾಲಿಪ್ ಕಂಡರೆ ಸಾಮಾನ್ಯವಾಗಿ ಅಲ್ಲೇ ತೆಗೆಯಬಹುದು. ಸರಿಯಿದ್ದರೆ ಹತ್ತು ವರ್ಷಕ್ಕೊಮ್ಮೆ ಸಾಕು.

ಹಿರಿಯರಿಗೆ ಮೊದಲು ಫಿಟ್ ಹಗುರ ಅನಿಸುತ್ತದೆ. ಆದರೆ ಅದರಲ್ಲಿ ರಕ್ತ ಇದೆ ಅಂತ ಬಂದರೆ ಕೊಲೊನೋಸ್ಕೋಪಿ ಮಾಡಿಸಲೇಬೇಕಾಗುತ್ತದೆ. ಅದಕ್ಕೆ ದೇಹವೋ ಮನಸ್ಸೋ ತಯಾರಿಲ್ಲದಿದ್ದರೆ ಮಲ ಪರೀಕ್ಷೆ ಶುರು ಮಾಡುವುದರಲ್ಲೇ ಅರ್ಥವಿಲ್ಲ. ಸುಮ್ನೆ ಒಂದು ಚಿಂತೆ ತಂದುಕೊಂಡಂತೆ. ಇನ್ನು ಸಿಇಎ ಅನ್ನುವ ರಕ್ತ ಪರೀಕ್ಷೆ ಕೆಲವು ಚೆಕಪ್ ಪ್ಯಾಕೇಜುಗಳಲ್ಲಿ ಇರುತ್ತದೆ. ಅದು ಈ ತಪಾಸಣೆಗೆ ಉಪಯೋಗಕ್ಕೆ ಬರುವುದಿಲ್ಲ.

ಹೆಜ್ಜೆ 6: ದೇಹ ತಡೆಯುತ್ತದೆಯಾ?

ತಪಾಸಣೆಗೆ ಮಾಡುವ ಕೊಲೊನೋಸ್ಕೋಪಿಯಲ್ಲಿ 10,000 ಪರೀಕ್ಷೆಗೆ ಸುಮಾರು 3 ಸಲ ಕರುಳಿಗೆ ತೂತು ಬೀಳುತ್ತದೆ, ಸುಮಾರು 15 ಸಲ ಹೆಚ್ಚಿನ ರಕ್ತಸ್ರಾವ ಆಗುತ್ತದೆ. ವಯಸ್ಸು ಏರಿದಂತೆ ಈ ಸಂಖ್ಯೆಯೂ ಏರುತ್ತದೆ. ಆದರೆ ನಮ್ಮ ಹಿರಿಯರ ವಿಷಯದಲ್ಲಿ ಪರೀಕ್ಷೆಯಷ್ಟೇ ಅದರ ಹಿಂದಿನ ರಾತ್ರಿಯೂ ವೈದ್ಯರನ್ನು ಯೋಚನೆಗೆ ಹಚ್ಚುತ್ತದೆ.

ಕರುಳು ಸ್ವಚ್ಛವಾಗಲು ಔಷಧಿ ಬೆರೆಸಿದ ನೀರನ್ನು ಲೀಟರುಗಟ್ಟಲೆ ಕುಡಿಯಬೇಕು. ಸಾಮಾನ್ಯವಾಗಿ ಅರ್ಧ ಹಿಂದಿನ ಸಂಜೆ, ಉಳಿದರ್ಧ ಪರೀಕ್ಷೆಯ ದಿನ ಬೆಳಗ್ಗೆ. ಆಮೇಲೆ ಹತ್ತಾರು ಸಲ ಸಂಡಾಸಕ್ಕೆ ಓಡಾಟ. ಸಂಡಾಸ ಹಿತ್ತಲಲ್ಲಿದೆ, ದೀಪ ಮಂಕು, ಮೊಣಕಾಲು ನೋವು. ಅಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದರೆ? ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರದ ಬಿಸಿಲು 40 ಡಿಗ್ರಿ ದಾಟುತ್ತದೆ. ಆಗ ದೇಹದ ನೀರು ಇಳಿದರೆ ಬಿಪಿ ಕುಸಿಯಬಹುದು, ಕಿಡ್ನಿಗೆ ಪೆಟ್ಟಾಗಬಹುದು. ಇಂಡಿ, ಸಿಂದಗಿ ಕಡೆಯ ಹಳ್ಳಿಯಿಂದ ಬೆಳಗ್ಗೆ ಬಸ್ಸು ಹಿಡಿದು ಬರಬೇಕಾದವರ ಪಾಡು ಯೋಚಿಸಿ. ಹೀಗಾಗಿ ಒಂದು ದಿನ ಮೊದಲೇ ಅಡ್ಮಿಟ್ ಆಗಬಹುದೇ ಅಂತ ಸಂಕೋಚವಿಲ್ಲದೆ ಕೇಳಿ. ತುರ್ತು ಇಲ್ಲದ ತಪಾಸಣೆಯನ್ನು ಬೇಸಿಗೆ ಮುಗಿಯುವವರೆಗೆ ಮುಂದೆ ಹಾಕಬಹುದೇ ಅಂತಲೂ ಕೇಳಿ.

ಗುಳಿಗೆಗಳ ಚೀಟಿ ಪೂರ್ತಿ ತೋರಿಸಿ. ಶುಗರ್ ಗುಳಿಗೆ, ಇನ್ಸುಲಿನ್ ಪ್ರಮಾಣ ಆ ದಿನಗಳಿಗೆ ಬದಲಾಗುತ್ತದೆ. ಕಬ್ಬಿಣದ ಗುಳಿಗೆಯನ್ನು ಸಾಮಾನ್ಯವಾಗಿ ಒಂದು ವಾರ ಮೊದಲು ನಿಲ್ಲಿಸಲು ಹೇಳುತ್ತಾರೆ. ರಕ್ತ ತೆಳು ಮಾಡುವ ಗುಳಿಗೆಯನ್ನಂತೂ ನೀವಾಗಿಯೇ ನಿಲ್ಲಿಸಲೇಬೇಡಿ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರಲ್ಲಿ ಹಾಗೆ ನಿಲ್ಲಿಸುವುದು ಜೀವಕ್ಕೇ ಅಪಾಯ. ಪರೀಕ್ಷೆಗೆ ಮೊದಲಿನ ದಿನಗಳಲ್ಲಿ ಶೇಂಗಾ, ಕಾಳು, ಸೊಪ್ಪು ಬಿಟ್ಟು, ಜೋಳದ ರೊಟ್ಟಿಯ ಬದಲು ಮೆತ್ತಗಿನ ಅನ್ನ ತಿನ್ನಲು ಹೇಳುತ್ತಾರೆ. ರೊಟ್ಟಿ ಇಲ್ಲದೆ ಊಟವೇ ಅಲ್ಲ ಅನ್ನುವ ಮುತ್ಯಾನನ್ನು ಮೊದಲೇ ಒಪ್ಪಿಸಿಕೊಳ್ಳಿ.

ಹೆಜ್ಜೆ 7: ಹಿರಿಯರನ್ನೇ ಕೇಳುವುದು

ಕೊನೆಯದಾಗಿ ಬರೆದಿದ್ದೇನೆ, ಆದರೆ ಇದು ಹೆಚ್ಚಾಗಿ ತಪ್ಪಿಹೋಗುವ ಹೆಜ್ಜೆ. ಮಗ, ಅಳಿಯ, ಡಾಕ್ಟರು ಮಾತಾಡುತ್ತಾರೆ. ಪಕ್ಕದಲ್ಲಿ ರುಮಾಲು ಸುತ್ತಿದ ಮುತ್ಯಾ ಸುಮ್ಮನೆ ಕೂತಿರುತ್ತಾರೆ. ಒಳ್ಳೆಯ ವೈದ್ಯರು ಕುರ್ಚಿ ತಿರುಗಿಸಿ ಅವರನ್ನೇ ಕೇಳುತ್ತಾರೆ: "ಮುತ್ಯಾ, ಒಳಗ ಏನರ ಸಿಕ್ರ ಆಪರೇಷನ್ ಮಾಡಿಸ್ಕೊಳ್ಳಾಕ ತಯಾರ್ ಇದ್ದೀರೇನ್ರಿ?" ಇಲ್ಲ ಅಂದರೆ, ಹುಡುಕುವ ಅಗತ್ಯ ಬಹುತೇಕ ಅಲ್ಲಿಗೇ ಮುಗಿಯುತ್ತದೆ. ಹೌದು ಅಂದರೆ, ಇಲ್ಲಿಯವರೆಗಿನ ಲೆಕ್ಕವನ್ನೆಲ್ಲ ಅವರ ಮುಂದೆಯೇ ಸರಳವಾಗಿ ಇಡಬೇಕು. ಮರೆವಿನ ಕಾಯಿಲೆ ಇದ್ದವರ ವಿಷಯದಲ್ಲಿ, ಮೊದಲು ಅವರು ಇಂಥದ್ದಕ್ಕೆ ಏನನ್ನುತ್ತಿದ್ದರು ಅಂತ ಮನೆಯವರು ನೆನಪಿಸಿಕೊಂಡು ಹೇಳಬೇಕು.

"ತಪಾಸಣೆ ಬೇಡ" ಅಂತ ವೈದ್ಯರು ಹೇಳಿದರೆ ಕೈಬಿಟ್ಟರು ಅಂತ ತಿಳಿಯಬೇಡಿ. ಯಾಕೆ ಬೇಡ ಅಂತ ಕೇಳಿ, ಕಾರಣ ಸಮೇತ ಚೀಟಿಯಲ್ಲಿ ಬರೆಸಿಕೊಳ್ಳಿ. ಬೇರೆ ವೈದ್ಯರ ಬಳಿ ಹೋದಾಗ ಅದೇ ಚರ್ಚೆ ಮೊದಲಿನಿಂದ ಶುರುವಾಗುವುದು ತಪ್ಪುತ್ತದೆ. "ಮಾಡೋಣ" ಅಂದವರ ಚೀಟಿಯಲ್ಲೂ ಯಾವ ಪರೀಕ್ಷೆ, ಮತ್ತೆ ಯಾವಾಗ, ಯಾವ ವಯಸ್ಸಿಗೆ ನಿಲ್ಲಿಸುವುದು ಅಂತ ಇರಲಿ. ನಡುವೆ ಪಾರ್ಶ್ವವಾಯು ಹೊಡೆದರೆ, ಹೃದಯಾಘಾತವಾದರೆ ಅಥವಾ ಹಾಸಿಗೆ ಹಿಡಿದರೆ, ಮುಂದಿನ ತಾರೀಕಿಗೆ ಕಾಯದೆ ಆ ಚೀಟಿ ಹಿಡಿದುಕೊಂಡು ಹೋಗಿ ಮತ್ತೊಮ್ಮೆ ಮಾತಾಡಿ.