ಆಯಿಲ್ ಕುಡಿಯುವ ಹಳೇ ಗಾಡಿಯನ್ನು ಸಾಕುವ ಬಗೆ

ನನ್ನ ವ್ಯಾಗನ್ ಆರ್ 2006ರದು. 2015ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡೆ. ಕೊಡಿಸಿದ ಬ್ರೋಕರ್ "ಎಂಜಿನ್ ಬೆಣ್ಣೆ ಸಾರ್" ಅಂದಿದ್ದರು. ಶಬ್ದ ನಿಜಕ್ಕೂ ಹಾಗೇ ಇತ್ತು. ಆದರೆ ಗಾಡಿ ಆಯಿಲ್ ಕುಡಿಯುತ್ತದೆ ಅಂತ ಯಾರೂ ಹೇಳಲಿಲ್ಲ.

ಗೊತ್ತಾಗಿದ್ದು ದಾಬಸ್‌ಪೇಟೆ ಹತ್ತಿರ, ಅಮ್ಮನನ್ನು ಶಿವಗಂಗೆಗೆ ಕರೆದುಕೊಂಡು ಹೋಗುವಾಗ. ತಿರುವಿನಲ್ಲಿ ಕೆಂಪು ಆಯಿಲ್ ಲೈಟ್ ಒಂದು ಸಲ ಮಿನುಗಿ ಆರಿತು. ತಕ್ಷಣ ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆಫ್ ಮಾಡಿದೆ. ಆಯಿಲ್ ಅಳೆಯುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ಎಳೆದು ನೋಡಿದರೆ ತುದಿಯಲ್ಲಿ ಒಂದು ಹನಿ ಆಯಿಲ್ ಇಲ್ಲ. ಅಮ್ಮ ಮೋರಿ ಕಟ್ಟೆ ಮೇಲೆ ಕೂತರು. ನಾನು ಆಟೊ ಹಿಡಿದು ಊರೊಳಗೆ ಹೋಗಿ ಆಯಿಲ್ ತಂದೆ. ಎರಡು ಲೀಟರ್ ಹಿಡಿಯಿತು. ಆ ಎಂಜಿನ್ ಅವತ್ತು ಉಳಿದಿದ್ದು ದೊಡ್ಡ ಪುಣ್ಯ.

ಆ ಲೈಟನ್ನು ನಂಬಿಕೊಂಡು ಗಾಡಿ ಓಡಿಸಬೇಡಿ. ಅದು ಆಯಿಲ್ ಎಷ್ಟಿದೆ ಅಂತ ಹೇಳುವುದಿಲ್ಲ, ಪ್ರೆಷರ್ ಬಿತ್ತು ಅಂತ ಹೇಳುತ್ತದೆ. ಆಯಿಲ್ ಕಮ್ಮಿ ಇದ್ದಾಗ ತಿರುವಿನಲ್ಲಿ ಇರುವಷ್ಟೂ ಒಂದು ಪಕ್ಕಕ್ಕೆ ಸರಿಯುತ್ತದೆ, ಪಂಪು ಗಾಳಿ ಎಳೆಯುತ್ತದೆ. ಲೈಟ್ ಹತ್ತುವ ಹೊತ್ತಿಗೆ ಬೇರಿಂಗ್‌ಗಳು ಒಣಗಲು ಶುರುವಾಗಿರುತ್ತವೆ. ಹಳೇ ಎಂಜಿನ್ ಒಂದಿಷ್ಟು ಆಯಿಲ್ ಸುಟ್ಟುಕೊಂಡೇ ವರ್ಷಗಟ್ಟಲೆ ಓಡುತ್ತದೆ. ಒಣಗಿಸಿದರೆ ಒಂದೇ ದಿನಕ್ಕೆ ಕೂತುಬಿಡುತ್ತದೆ.

ಹಾಗಾಗಿ ಮೊದಲ ಕೆಲಸ ಅಳೆಯುವುದು. ನಮ್ಮ ಹನುಮಂತನಗರದಲ್ಲಿ ಸಮತಟ್ಟಾದ ರಸ್ತೆ ಸಿಗುವುದೇ ಕಷ್ಟ. ಇಳಿಜಾರಿನಲ್ಲಿ ನಿಂತ ಗಾಡಿಯ ಡಿಪ್‌ಸ್ಟಿಕ್ ಸುಳ್ಳು ಹೇಳುತ್ತದೆ. ಮನೆ ಮುಂದೆ ನೋಡಿದರೆ ತುಂಬಿದೆ ಅನಿಸುತ್ತಿತ್ತು, ಬೇರೆ ಕಡೆ ನೋಡಿದರೆ ಅರ್ಧ. ಈಗ ಪ್ರತಿ ಭಾನುವಾರ ಬೆಳಿಗ್ಗೆ ಪೆಟ್ರೋಲ್ ಬಂಕಿನಲ್ಲಿ ಗಾಳಿ ಹಿಡಿಸುವ ಜಾಗದಲ್ಲೇ ನೋಡುತ್ತೇನೆ. ಅಲ್ಲಿ ನೆಲ ಮಟ್ಟವಾಗಿದೆ. ಎಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಡಿ, ಆಯಿಲ್ ಕೆಳಗೆ ಇಳಿಯಲಿ. ಡಿಪ್‌ಸ್ಟಿಕ್ ಒಮ್ಮೆ ಒರೆಸಿ, ಪೂರ್ತಿ ಒಳಗೆ ಹಾಕಿ, ಮತ್ತೆ ಎಳೆದು ನೋಡಿ. ಪ್ರತಿ ಸಲ ಅದೇ ಜಾಗ, ಅದೇ ಕ್ರಮ.

ಒಂದು ಚಿಕ್ಕ ನೋಟ್ ಪುಸ್ತಕ ಇಡಿ. ತಾರೀಕು, ಕಿಲೋಮೀಟರ್, ಎಷ್ಟು ಮಿಲಿ ಹಾಕಿದಿರಿ, ಇಷ್ಟು ಬರೆದರೆ ಸಾಕು. ಶುರುವಿನಲ್ಲಿ ನನ್ನದು 1,000 ಕಿಲೋಮೀಟರಿಗೆ 600 ಮಿಲಿ ಕುಡಿಯುತ್ತಿತ್ತು. ಆ ಲೆಕ್ಕ ಕೈಯಲ್ಲಿ ಇಲ್ಲದಿದ್ದರೆ ಮೆಕ್ಯಾನಿಕ್ ಹೇಳಿದ್ದೇ ವೇದವಾಕ್ಯ ಆಗುತ್ತಿತ್ತು.

ಆಮೇಲೆ ಆಯಿಲ್ ಎಲ್ಲಿ ಹೋಗುತ್ತಿದೆ ಅಂತ ಹುಡುಕಿ. ಮೊದಲು ಸೋರಿಕೆ ನೋಡಿ. ರಾತ್ರಿ ಗಾಡಿ ಕೆಳಗೆ ಹಳೇ ರಟ್ಟು ಹಾಕಿ, ಬೆಳಿಗ್ಗೆ ಕಲೆ ಇದೆಯಾ ನೋಡಿ. ಟ್ಯಾಪೆಟ್ ಕವರ್ (ಎಂಜಿನ್ ಮೇಲಿನ ಮುಚ್ಚಳ) ಪ್ಯಾಕಿಂಗ್ ಹೋಗಿದ್ದರೆ ಎಂಜಿನ್ ಪಕ್ಕ ಜಿಡ್ಡಾಗಿರುತ್ತದೆ. ಅದು ಸಣ್ಣ ಖರ್ಚು, ಮೊದಲು ಮುಗಿಸಿ. ಪಿಸಿವಿ ವಾಲ್ವನ್ನೂ ಬಿಚ್ಚಿಸಿ ನೋಡಿ. ಎಂಜಿನ್ ಒಳಗೆ ಕೂಡುವ ಆವಿಯನ್ನು ಮತ್ತೆ ಸುಡಲು ಕಳಿಸುವ ಬೆರಳುದ್ದದ ಭಾಗ ಅದು. ಅಲ್ಲಾಡಿಸಿದರೆ ಟಿಕ್ ಟಿಕ್ ಅನ್ನಬೇಕು. ಅದು ಕಟ್ಟಿಕೊಂಡರೆ ಎಂಜಿನ್ ಒಳಗೆ ಒತ್ತಡ ಕೂಡಿ, ಸೀಲ್‌ಗಳ ಸಂದಿನಿಂದ ಆಯಿಲ್ ಹೊರಗೆ ನುಗ್ಗುತ್ತದೆ. ತೆರೆದೇ ಸಿಕ್ಕಿಕೊಂಡರೆ ಆಯಿಲ್ ಆವಿಯನ್ನು ಎಂಜಿನ್ನೇ ಎಳೆದು ಸುಡುತ್ತದೆ. ಜೆಸಿ ರೋಡಿನಲ್ಲಿ ಹೊಸದು ತಂದು ಹಾಕಿಸಿದೆ, ಪ್ಯಾಕಿಂಗ್ ಕೂಡ ಬದಲಾಯಿಸಿದೆ. 600 ಇದ್ದದ್ದು 400ಕ್ಕೆ ಇಳಿಯಿತು.

ಇನ್ನೂ ಕುಡಿಯುತ್ತಿದ್ದರೆ ಹೊಗೆ ನೋಡಬೇಕು. ಚಳಿಗಾಲದ ಬೆಳಿಗ್ಗೆ ಬರುವ ತೆಳು ಬಿಳಿ ಹೊಗೆ ಬರೀ ನೀರಾವಿ, ಅದಕ್ಕೆ ಹೆದರಬೇಡಿ. ಆಯಿಲ್ ಹೊಗೆ ನೀಲಿ ಛಾಯೆ ಇರುತ್ತದೆ, ಮೂಗಿಗೆ ಘಾಟು ಹೊಡೆಯುತ್ತದೆ. ರಾತ್ರಿಯಿಡೀ ನಿಂತ ಗಾಡಿ ಸ್ಟಾರ್ಟ್ ಆದಾಗ ಒಂದು ಬುಗ್ಗೆ ಬಂದು ನಿಂತುಹೋದರೆ, ಅಥವಾ ಬನಶಂಕರಿ ಸಿಗ್ನಲ್‌ನಲ್ಲಿ ಎರಡು ನಿಮಿಷ ನಿಂತು ಹೊರಟಾಗ ಬಂದರೆ, ವಾಲ್ವ್ ಸೀಲ್ ಮೇಲೆ, ಅಂದರೆ ವಾಲ್ವ್ ಪಕ್ಕದಿಂದ ಆಯಿಲ್ ಒಳಗೆ ಇಳಿಯದಂತೆ ತಡೆಯುವ ರಬ್ಬರ್ ಮೇಲೆ, ಅನುಮಾನ ಪಡಿ. ನಂದಿ ಬೆಟ್ಟದ ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಷ್ಟೂ ಹೊಗೆ ಬಂದರೆ, ಪಿಕಪ್ಪೂ ಸತ್ತಿದ್ದರೆ, ಪಿಸ್ಟನ್ ರಿಂಗ್, ಅಂದರೆ ಪಿಸ್ಟನ್ ಸುತ್ತ ಆಯಿಲ್ ಮೇಲೆ ಬರದಂತೆ ತಡೆಯುವ ಬಳೆ, ಸವೆದಿರಬಹುದು.

ಇಲ್ಲಿ ಸ್ವಲ್ಪ ನಿಧಾನ ಮಾಡಿ. ನಾನು ಮೊದಲು ಹೋದ ಗ್ಯಾರೇಜಿನಲ್ಲಿ ಬಾನೆಟ್ ಎತ್ತಿದ ಐದು ನಿಮಿಷಕ್ಕೇ "ಫುಲ್ ಎಂಜಿನ್ ಕೆಲಸ ಸಾರ್, ಬೋರ್ ಮಾಡಿಸಬೇಕು" ಅಂದರು. ಅಂದರೆ ಎಂಜಿನ್ ಪೂರ್ತಿ ಬಿಚ್ಚಿ ಸಿಲಿಂಡರ್ ಕೊರೆಸಬೇಕು. ಗಾಡಿಯ ಬೆಲೆಯ ಅರ್ಧ ಕೇಳಿದರು. ನಾನು ಒಪ್ಪಲಿಲ್ಲ. ಎಂಜಿನ್ ಬಿಚ್ಚುವ ಮೊದಲು ಕಂಪ್ರೆಷನ್ ಟೆಸ್ಟ್ ಮಾಡಿಸಿ ಅಂತ ಕೇಳಿ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ತೂತಿಗೆ ಗೇಜ್ ಹಾಕಿ ಒಂದೊಂದೇ ಸಿಲಿಂಡರ್ ನೋಡುತ್ತಾರೆ. ಪ್ರೆಷರ್ ಕಮ್ಮಿ ಬಂದ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಬೇಕು. ಆಗ ಪ್ರೆಷರ್ ಚೆನ್ನಾಗಿ ಏರಿದರೆ ರಿಂಗ್ ಸವೆದಿದೆ ಅಂತ ಅರ್ಥ. ನನ್ನ ಗಾಡಿಯಲ್ಲಿ ನಾಲ್ಕೂ ಸಿಲಿಂಡರ್ ಹೆಚ್ಚುಕಮ್ಮಿ ಸಮ ಬಂತು. ಅಲ್ಲಿಗೆ ರಿಂಗ್‌ಗಿಂತ ಸೀಲ್ ಮೇಲೇ ಅನುಮಾನ ಜಾಸ್ತಿ ಆಯಿತು. ಇನ್ನೊಬ್ಬ ಮೆಕ್ಯಾನಿಕ್ ಹೆಡ್ (ಎಂಜಿನ್ನಿನ ಮೇಲ್ಭಾಗ) ಇಳಿಸದೆಯೇ, ಸಿಲಿಂಡರಿಗೆ ಗಾಳಿ ತುಂಬಿ ವಾಲ್ವ್ ಬೀಳದ ಹಾಗೆ ಹಿಡಿದು, 16 ಸೀಲನ್ನೂ ಬದಲಾಯಿಸಿದರು. ಈಗ 1,000ಕ್ಕೆ 150 ಮಿಲಿ. ಎಷ್ಟು ಖುಷಿಯಾಯಿತು ಅಂದರೆ ಅವತ್ತು ಪುಸ್ತಕವನ್ನು ಅಮ್ಮನಿಗೂ ತೋರಿಸಿದೆ.

ಯಾವ ಆಯಿಲ್ ಅನ್ನುವುದಕ್ಕೆ ಗಾಡಿಯ ಮ್ಯಾನುಯಲ್ ನೋಡಿ. ನಾನು 20ಡಬ್ಲ್ಯು-40 ಹಾಕುತ್ತೇನೆ. ಬೆಂಗಳೂರಿನ ಚಳಿಗೆ 20ಡಬ್ಲ್ಯು ಸಾಕು. ಕೊನೆಯ ಸಂಖ್ಯೆ ಬಿಸಿಯಲ್ಲಿ ಆಯಿಲ್ ಎಷ್ಟು ಮಂದ ಇರುತ್ತದೆ ಅಂತ ಹೇಳುತ್ತದೆ. ಹಳೇ ಎಂಜಿನ್ನಿಗೆ ಸ್ವಲ್ಪ ಮಂದ ಆಯಿಲ್ ಹಾಕಿದರೆ ಕುಡಿಯುವುದು ಕಮ್ಮಿ ಆಗಬಹುದು, ಆದರೆ ಮ್ಯಾನುಯಲ್ ಒಪ್ಪುವಷ್ಟು ಮಾತ್ರ. ಟಾಪ್ ಅಪ್ ಮಾಡುವಾಗ 200 ಮಿಲಿ ಹಾಕಿ, ಕಾಯ್ದು, ಮತ್ತೆ ನೋಡಿ. ಮ್ಯಾಕ್ಸ್ ಗೆರೆ ದಾಟಿಸಬೇಡಿ. ಜಾಸ್ತಿಯಾದರೆ ಎಂಜಿನ್ ಒಳಗೆ ತಿರುಗುವ ಕ್ರ್ಯಾಂಕ್ ಅದನ್ನು ಕಡೆದು ನೊರೆ ಮಾಡುತ್ತದೆ, ಇನ್ನಷ್ಟು ಸುಡುತ್ತದೆ. ಟಾಪ್ ಅಪ್ ಮಾಡುತ್ತಿದ್ದೇನಲ್ಲ ಅಂತ ಆಯಿಲ್ ಚೇಂಜ್ ಬಿಡಬೇಡಿ, ಕೊಳೆ ಒಳಗೇ ಉಳಿಯುತ್ತದೆ. ಡಿಕ್ಕಿಯಲ್ಲಿ ಅದೇ ಆಯಿಲಿನ ಸೀಲ್ ಒಡೆಯದ ಒಂದು ಲೀಟರ್ ಡಬ್ಬ ಸದಾ ಇರಲಿ.

ಪ್ಲಗ್‌ಗಳನ್ನು ಆಗಾಗ ಬಿಚ್ಚಿ ನೋಡಿ. ಕಪ್ಪು ಜಿಡ್ಡು ಕಟ್ಟಿದ್ದರೆ ಆ ಸಿಲಿಂಡರಿನಲ್ಲಿ ಆಯಿಲ್ ಸುಡುತ್ತಿದೆ. ಎಮಿಷನ್ ಟೆಸ್ಟಿಗೆ ಹೋಗುವಾಗ ಎಂಜಿನ್ ಚೆನ್ನಾಗಿ ಬಿಸಿಯಾಗಿರಲಿ. ನನ್ನಂಥ ಹಳೇ ಗಾಡಿಗೆ ಆರು ತಿಂಗಳಿಗೊಮ್ಮೆ ಮಾಡಿಸಬೇಕು. 15 ವರ್ಷ ತುಂಬಿದಾಗ, ಅಂದರೆ 2021ರಲ್ಲಿ, ಆರ್‌ಟಿಒದಲ್ಲಿ ಆರ್‌ಸಿ ರಿನ್ಯೂ ಮಾಡಿಸುವಾಗಲೂ ಹೊಗೆ ಸರಿ ಇದ್ದದ್ದರಿಂದ ತೊಂದರೆ ಆಗಲಿಲ್ಲ. ನೀಲಿ ಹೊಗೆ ಬಿಡುವ ಗಾಡಿಯನ್ನು ಮಾತ್ರ ಹಾಗೇ ಓಡಿಸಬೇಡಿ. ಹಿಂದೆ ಸ್ಕೂಟರಿನಲ್ಲಿ ಮಗು ಕೂರಿಸಿಕೊಂಡು ಬರುವವರು ಅದನ್ನೇ ಉಸಿರಾಡಬೇಕು ಅಲ್ವಾ.

ಇನ್ನು ಇಳಿಸಿದ ಹಳೇ ಆಯಿಲ್. ಅದನ್ನು ದಯವಿಟ್ಟು ಚರಂಡಿಗೆ ಸುರಿಯಬೇಡಿ. ನಮ್ಮ ಕಡೆಯ ನೀರು ಹರಿದು ಸೇರುವುದು ವೃಷಭಾವತಿಗೆ, ಅದರ ಪಾಡು ಈಗಲೇ ಸಾಕಷ್ಟಾಗಿದೆ. ನಾನು ಅದೇ ಡಬ್ಬಕ್ಕೆ ತುಂಬಿ ಮೆಕ್ಯಾನಿಕ್ ಹತ್ತಿರ ಇರುವ ಡ್ರಮ್ಮಿಗೆ ಹಾಕಿ ಬರುತ್ತೇನೆ, ಅಲ್ಲಿಂದ ರೀಸೈಕಲ್ ಮಾಡುವವರು ಒಯ್ಯುತ್ತಾರೆ. ಖಾಲಿ ಡಬ್ಬವನ್ನು ಕತ್ತರಿಸಿಯೇ ಗುಜರಿಗೆ ಹಾಕುತ್ತೇನೆ. ಇಡಿಯಾಗಿ ಕೊಟ್ಟರೆ ಅದರಲ್ಲಿ ಡೂಪ್ಲಿಕೇಟ್ ಆಯಿಲ್ ತುಂಬಿ ಮತ್ತೆ ಮಾರುವವರಿಗೆ ದಾರಿ ಮಾಡಿಕೊಟ್ಟ ಹಾಗೆ.