ಗಲ್ಲು ಶಿಕ್ಷೆ ಇರಬೇಕಾ ಅಂತ ಜನರನ್ನು ಕೇಳುವುದು ಹೇಗೆ?

"ಕೊಲೆ ಮಾಡಿದವರಿಗೆ ಗಲ್ಲು ಶಿಕ್ಷೆ ಇರಬೇಕಾ?" ಅಂತ ಕೇಳಿ ನೋಡಿ. ಪ್ರಶ್ನೆ ಮುಗಿಯುವ ಮೊದಲೇ "ಹೌದು" ಬಂದುಬಿಡುತ್ತದೆ. ಸಮೀಕ್ಷೆಗಳಿಗೆ ಪ್ರಶ್ನೆ ಬರೆಯುವುದು ನನ್ನ ಕೆಲಸ. ಆ ಒಂದು "ಹೌದು" ಹಿಡಿದುಕೊಂಡು ಇದೇ ಜನಾಭಿಪ್ರಾಯ ಅಂತ ಬರೆಯಬೇಡಿ. ಜೀವ ತೆಗೆಯುವ ಮಾತಿದು, ಇನ್ನೂ ಸ್ವಲ್ಪ ಕೆದಕಿ ಕೇಳಲೇಬೇಕು.

ಮೊದಲು, ಗಲ್ಲು ಬೇಡ ಅಂದರೆ ಮತ್ತೇನು ಅನ್ನುವುದನ್ನು ಪ್ರಶ್ನೆಯಲ್ಲೇ ಇಡಿ. "ಬೇಡ" ಅಂದರೆ ಕೊಲೆಗಾರ ನಾಲ್ಕು ವರ್ಷಕ್ಕೆ ಹೊರಗೆ ಬರುತ್ತಾನೆ ಅನ್ನುವ ಭಯ ಅನೇಕರಿಗಿದೆ. 2019ರಲ್ಲಿ ಅಮೆರಿಕದ ಗ್ಯಾಲಪ್ ಸಂಸ್ಥೆ ಕೊಲೆಗೆ ಮರಣದಂಡನೆ ಸರಿಯಾ ಅಂತ ಕೇಳಿದಾಗ ಶೇ. 56 ಮಂದಿ ಒಪ್ಪಿದರು. ಮರಣದಂಡನೆಯೋ, ಸಾಯುವವರೆಗೂ ಬಿಡುಗಡೆಯೇ ಇಲ್ಲದ ಜೈಲೋ ಅಂತ ಅದೇ ವರ್ಷ ಕೇಳಿದಾಗ ಮರಣದಂಡನೆ ಆರಿಸಿದವರು ಶೇ. 36 ಮಾತ್ರ!

ಉತ್ತರದ ಆಯ್ಕೆಗಳನ್ನೂ ತೂಗಿ ನೋಡಿ. ಜಪಾನ್ ಸರ್ಕಾರದ 2014ರ ಸಮೀಕ್ಷೆಯಲ್ಲಿ ಒಂದು ಕಡೆ "ರದ್ದಾಗಬೇಕು", ಇನ್ನೊಂದು ಕಡೆ "ಅನಿವಾರ್ಯ" ಅಂತಿತ್ತು. ಶೇ. 80 ಮಂದಿ ಅನಿವಾರ್ಯ ಅಂದರು. ಗಲ್ಲು ಬೇಕೇ ಬೇಕು ಅನ್ನುವವರೂ, ಮನಸ್ಸಿಲ್ಲದೆ ಒಪ್ಪುವವರೂ ಅದೇ ಗುಂಪಿನಲ್ಲಿ ಸೇರಿಹೋದರು ಅಲ್ವಾ? ಪುಣ್ಯಕ್ಕೆ ಅವರಿಗೆ ಇನ್ನೊಂದು ಪ್ರಶ್ನೆ ಹಾಕಿದ್ದರು. ಆಗ ಅವರಲ್ಲಿ ಸುಮಾರು ಶೇ. 40 ಮಂದಿ, ಪರಿಸ್ಥಿತಿ ಬದಲಾದರೆ ಮುಂದೆ ರದ್ದು ಮಾಡಬಹುದು ಅಂದರು. ನನಗೆ ಇಡೀ ಸಮೀಕ್ಷೆಯಲ್ಲಿ ಮುಖ್ಯವಾಗಿ ಕಂಡದ್ದು ಈ ಎರಡನೇ ಉತ್ತರವೇ. ಹಾಗಾಗಿ "ಹೌದು" ಅಂದವರನ್ನು ಅಲ್ಲಿಗೇ ಬಿಡಬೇಡಿ. ಯಾವ ಅಪರಾಧಕ್ಕೆ ಬೇಕು, ಯಾವಾಗ ಬೇಡ ಅನ್ನುತ್ತೀರಿ ಅಂತ ಕೇಳಿ.

ಸಾಧ್ಯವಾದರೆ ಒಬ್ಬರೇ ಕೂತು ಉತ್ತರ ತುಂಬಲಿ. 2020ರಲ್ಲಿ ಪ್ಯೂ ಸಂಸ್ಥೆ ಅಮೆರಿಕದಲ್ಲಿ ಫೋನಿನಲ್ಲಿ ಕೇಳಿದಾಗ ಶೇ. 52 ಮಂದಿ ಮರಣದಂಡನೆ ಪರ ಇದ್ದರು, ಆನ್‌ಲೈನ್‌ನಲ್ಲಿ ಶೇ. 65. ಕೇಳುವವರೊಬ್ಬರು ಇದ್ದರೆ, ಫೋನಿನಲ್ಲಾದರೂ, ಮಾತು ಮೆತ್ತಗಾಗುತ್ತದೆ.

ನಿರಪರಾಧಿಗೆ ಶಿಕ್ಷೆಯಾಗುವ ಅಪಾಯದ ಪ್ರಶ್ನೆ ಬೇಕೇ ಬೇಕು, ಆದರೆ ಮುಖ್ಯ ಪ್ರಶ್ನೆ ಆದ ಮೇಲೆ. ಮೊದಲೇ ಹಾಕಿದರೆ ಉತ್ತರವನ್ನು ನಾವೇ ಒಂದು ಕಡೆ ತಳ್ಳಿದಂತೆ. ಭೀಕರ ಕೊಲೆಯೊಂದು ಸುದ್ದಿಯಲ್ಲಿರುವ ವಾರ ಸುಮ್ನೆ ಕಾಯಿರಿ. ಕಾಯಲು ಆಗದಿದ್ದರೆ ಕೇಳಿದ ದಿನಾಂಕ ಬರೆಯಿರಿ. "ಇನ್ನೂ ತೀರ್ಮಾನಿಸಿಲ್ಲ" ಅನ್ನುವವರಿಗೂ ಒಂದು ಜಾಗ ಕೊಡಿ. ಕೊನೆಗೆ ಫಲಿತಾಂಶ ಹಾಕುವಾಗ, ಕೇಳಿದ ಪ್ರಶ್ನೆಯನ್ನು ಒಂದಕ್ಷರ ಬಿಡದೆ ಅಂಕಿಯ ಪಕ್ಕದಲ್ಲೇ ಅಚ್ಚು ಮಾಡಿ.