ಆರ್ಕ್ಟಿಕ್ ಸರೋವರದಡಿ ಕರಗಿದ ನೆಲವನ್ನು ಅಳೆಯುವ ಬಗೆ: ಮೊದಲ ಲೈನ್ ಬೆಂಗಳೂರಿನ ಕೆರೆಯಲ್ಲಿ

ಆರ್ಕ್ಟಿಕ್ ಸರೋವರಗಳ ಮೇಲೆ ಚಳಿಗಾಲದಲ್ಲಿ ಸಾಮಾನ್ಯವಾಗಿ 1.5ರಿಂದ 2 ಮೀಟರ್ ದಪ್ಪದ ಮಂಜುಗಡ್ಡೆ ಕಟ್ಟುತ್ತದೆ. ಸರೋವರ ಅದಕ್ಕಿಂತ ಆಳವಿದ್ದರೆ ತಳದ ನೀರು ಎಂದೂ ಹೆಪ್ಪುಗಟ್ಟುವುದಿಲ್ಲ. ಆ ನೀರಿನ ಕಾವು ಕೆಳಗಿನ ಪರ್ಮಾಫ್ರಾಸ್ಟ್ ಅನ್ನು, ಅಂದರೆ ಸದಾ ಹೆಪ್ಪುಗಟ್ಟಿರುವ ನೆಲವನ್ನು, ವರ್ಷದಿಂದ ವರ್ಷಕ್ಕೆ ಕರಗಿಸುತ್ತಾ ಹೋಗುತ್ತದೆ. ಹೀಗೆ ಬಟ್ಟಲಿನಂತೆ ಕರಗಿದ ಭಾಗಕ್ಕೆ ಟಾಲಿಕ್ ಎಂದು ಹೆಸರು. ಅಲ್ಲಿ ಹಳೆಯ ಸಾವಯವ ಪದಾರ್ಥ ಕೊಳೆತು ಮೀಥೇನ್ ಹೊರಬರುತ್ತದೆ. ಆದ್ದರಿಂದಲೇ ಟಾಲಿಕ್ ಎಷ್ಟು ಆಳಕ್ಕಿಳಿದಿದೆ ಎಂಬುದು ತಿಳಿಯಲೇಬೇಕಾದ ಸಂಗತಿ.

ಅದನ್ನು ಅಳೆಯಲು ಎಲೆಕ್ಟ್ರೋಡ್‌ಗಳನ್ನು ಒಂದು ಸಾಲಿನಲ್ಲಿ, ಅಂದರೆ ಲೈನಿನಲ್ಲಿ, ಇಟ್ಟು ನೆಲಕ್ಕೆ ಕರೆಂಟ್ ಹರಿಸಿ, ಯಾವ ಆಳದ ಪದರ ಅದನ್ನು ಎಷ್ಟು ತಡೆಯುತ್ತದೆ ಎಂದು ನೋಡುತ್ತಾರೆ. ಈ ಕೆಲಸಕ್ಕೆ ಹೊರಡುವವರು ಮೊದಲು ಬೆಂಗಳೂರಿನ ಒಂದು ಕೆರೆಯಲ್ಲಿ ಕೈ ಪಳಗಿಸಿಕೊಳ್ಳಬೇಕು. ಆರ್ಕ್ಟಿಕ್‌ನಲ್ಲಿ ನೀರು, ಕರಗಿದ ಕೆಸರು, ಅದರಡಿ ಹೆಪ್ಪುಗಟ್ಟಿದ ನೆಲ. ಇಲ್ಲಿ ನೀರು, ಹೂಳು, ಶಿಥಿಲ ಕಲ್ಲು, ಅದರಡಿ ಗಟ್ಟಿ ನೈಸ್ ಬಂಡೆ. ಎರಡು ಕಡೆಯೂ ಮೇಲಿನ ಪದರದಲ್ಲಿ ಕರೆಂಟ್ ಸಲೀಸಾಗಿ ಹರಿಯುತ್ತದೆ, ಕೆಳಗಿನದು ತಡೆಯುತ್ತದೆ. ಕರಗಿದ ಮಣ್ಣಿನ ರೆಸಿಸ್ಟಿವಿಟಿ, ಅಂದರೆ ಕರೆಂಟ್ ತಡೆಯುವ ಗುಣ, ಹತ್ತಾರರಿಂದ ನೂರಾರು ಓಮ್-ಮೀಟರ್. ಮಂಜು ತುಂಬಿದ ಅದೇ ಮಣ್ಣಿನದು ಸಾವಿರಾರು. ಇಲ್ಲಿನ ಇನ್ನೊಂದು ಅನುಕೂಲವೆಂದರೆ ಉತ್ತರ ಸರಿಯೇ ಎಂದು ನೋಡಲು ಹೊಸ ಬೋರ್ ಕೊರೆಸಬೇಕಿಲ್ಲ. ಕೆರೆ ಪಕ್ಕದ ಬೋರ್‌ವೆಲ್‌ಗೆ ಎಷ್ಟು ಅಡಿ ಕೇಸಿಂಗ್ ಇಳಿಸಿದ್ದಾರೆಂದು ಕೇಳಿ. ಕೇಸಿಂಗ್ ಪೈಪನ್ನು ಗಟ್ಟಿ ಕಲ್ಲು ಸಿಗುವವರೆಗೆ ಮಾತ್ರ ಇಳಿಸುತ್ತಾರೆ. ಹಾಗಾಗಿ 60 ಅಡಿ ಅಂದರೆ, ಗಟ್ಟಿ ಕಲ್ಲು ಸುಮಾರು 18 ಮೀಟರಿಗೆ ಸಿಕ್ಕಿದೆ ಎಂದು ಲೆಕ್ಕ. ಆದರೆ ಲೈನನ್ನು ಕಬ್ಬಿಣದ ಕೇಸಿಂಗ್‌ನ ಮಗ್ಗುಲಲ್ಲೇ ಎಳೆಯಬೇಡಿ, ಕರೆಂಟ್ ಅದರೊಳಗೇ ಇಳಿದುಹೋಗುತ್ತದೆ.

ಕೆರೆಗಿಳಿಯಲು ಅನುಮತಿ ಪಡೆದು, ಲೈಫ್ ಜಾಕೆಟ್ ಹಾಕಿಕೊಂಡೇ ಇಳಿಯಿರಿ. 48 ಎಲೆಕ್ಟ್ರೋಡ್‌ಗಳನ್ನು 5 ಮೀಟರಿಗೊಂದರಂತೆ ಹಾಕಿದರೆ ಲೈನ್ 235 ಮೀಟರ್ ಆಗುತ್ತದೆ. ನೋಟ ಇಳಿಯುವುದು ಅದರ ಐದನೇ ಒಂದು ಭಾಗಕ್ಕಿಂತ ತುಸು ಕಡಿಮೆ, ಹೆಚ್ಚೆಂದರೆ 45 ಮೀಟರ್. ಲೈನಿನ ಎರಡು ತುದಿಯೂ ದಡದ ಮೇಲಿರಲಿ, ಟಾಲಿಕ್‌ನ ಅಂಚು ತಿಳಿಯುವುದು ದಡ ದಾಟಿದಾಗ ಮಾತ್ರ. ನೀರಿನ ಭಾಗದಲ್ಲಿ ಕೇಬಲ್ಲನ್ನು ಖಾಲಿ ಕ್ಯಾನ್‌ಗಳ ಮೇಲೆ ತೇಲಿಸಿ, ಎಲೆಕ್ಟ್ರೋಡ್‌ಗಳನ್ನು ತೂಕ ಕಟ್ಟಿ ತಳಕ್ಕೆ ಇಳಿಬಿಡಿ. ಮೇಲೆಯೇ ತೇಲಿಸಿದರೆ ಕರೆಂಟಿನ ದೊಡ್ಡ ಪಾಲು ನೀರಲ್ಲೇ ಹರಿದು ಹೋಗುತ್ತದೆ. ದಡದಲ್ಲಿ ಎಲೆಕ್ಟ್ರೋಡ್ ಆಗಿ ನೆಟ್ಟ ಗೂಟಗಳ ಬುಡಕ್ಕೆ ಉಪ್ಪುನೀರು ಹಾಕಿ. ಗೂಟಕ್ಕೂ ಮಣ್ಣಿಗೂ ನಡುವಿನ ತಡೆಯನ್ನು ನೋಡುವ ಕಾಂಟ್ಯಾಕ್ಟ್ ರೆಸಿಸ್ಟೆನ್ಸ್ ಪರೀಕ್ಷೆಯಲ್ಲಿ ಒಂದೇ ಒಂದು ಗೂಟ ಉಳಿದವಕ್ಕಿಂತ ಹತ್ತು ಪಟ್ಟು ತೋರಿಸಿದರೂ ಅಲ್ಲೇ ನಿಲ್ಲಿಸಿ, ಸರಿಪಡಿಸಿಯೇ ಮುಂದೆ ಹೋಗಿ. ಮೊದಲ ಓಟಕ್ಕೆ ವೆನ್ನರ್-ಶ್ಲಂಬರ್ಜರ್ ಎಂಬ ಎಲೆಕ್ಟ್ರೋಡ್ ಜೋಡಣೆ ಸಾಕು. ಇನ್ನೊಂದು ಜೋಡಣೆಯಾದ ಡೈಪೋಲ್-ಡೈಪೋಲ್‌ಗೆ ಅಂಚುಗಳು ಚೆನ್ನಾಗಿ ಕಾಣುತ್ತವೆ, ಆದರೆ ಸಿಗ್ನಲ್ ತೀರಾ ಸಣ್ಣದು. ಅಳತೆಯ ಕಿಂಡಿಯನ್ನು, ಅಂದರೆ ಪ್ರತಿ ಸಲ ಅಳೆಯುವ ಅವಧಿಯನ್ನು, 100 ಮಿಲಿಸೆಕೆಂಡಿಗೆ ಇಡಿ: ನಮ್ಮ 50 ಹರ್ಟ್ಸ್ ಕರೆಂಟಿನ ಸರಿಯಾಗಿ 5 ಸುತ್ತು, ಅಲಾಸ್ಕಾದ 60 ಹರ್ಟ್ಸ್‌ನ 6 ಸುತ್ತು ಅದರಲ್ಲಿ ಹಿಡಿಯುತ್ತವೆ. ಎರಡು ಕಡೆಯೂ ವಿದ್ಯುತ್ ಲೈನಿನ ಗದ್ದಲ ರದ್ದಾಗುತ್ತದೆ.

ಪ್ರತಿ ಎಲೆಕ್ಟ್ರೋಡ್ ಬಳಿ ನೀರಿನ ಆಳವನ್ನು ಗುರುತು ಹಾಕಿದ ಹಗ್ಗದಿಂದ ಅಳೆದು ಬರೆದುಕೊಳ್ಳಿ. ಇದನ್ನು ಬಿಡುವವರೇ ಹೆಚ್ಚು, ಚಿತ್ರ ಕೆಡುವುದೂ ಇಲ್ಲೇ. ನೀರಿನ ವಾಹಕತೆ ಅಳೆಯುವ ಇಸಿ ಮೀಟರಿನಲ್ಲಿ ಬಂದ ಮೈಕ್ರೋಸೀಮೆನ್ಸ್/ಸೆಂ.ಮೀ. ಸಂಖ್ಯೆಯಿಂದ 10,000ವನ್ನು ಭಾಗಿಸಿದರೆ ನೀರಿನ ರೆಸಿಸ್ಟಿವಿಟಿ ಸಿಗುತ್ತದೆ. ಚರಂಡಿ ನೀರು ಸೇರಿದ ಕೆರೆಯಲ್ಲಿ ಮೀಟರ್ 1,000 ತೋರಿಸಿತು ಅಂದರೆ 10 ಓಮ್-ಮೀಟರ್. ಮೀಟರ್ ತಾನಾಗಿ 25 ಡಿಗ್ರಿಗೆ ಪರಿವರ್ತಿಸಿ ತೋರಿಸುತ್ತಿದೆಯೇ ಎಂದು ಮೊದಲೇ ನೋಡಿಕೊಳ್ಳಿ. ಡಿಗ್ರಿಗೆ ಸುಮಾರು ಶೇ. 2ರಂತೆ ವಾಹಕತೆ ಇಳಿಯುವುದರಿಂದ, 25 ಡಿಗ್ರಿಯಲ್ಲಿ 50 ಓಮ್-ಮೀಟರ್ ಇರುವ ನೀರು ಸರೋವರದ 2 ಡಿಗ್ರಿ ಚಳಿಯಲ್ಲಿ 90 ದಾಟುತ್ತದೆ. ಈ ಆಳ ಮತ್ತು ಈ ರೆಸಿಸ್ಟಿವಿಟಿ ಎರಡನ್ನೂ, ಅಳತೆಗಳಿಂದ ನೆಲದೊಳಗಿನ ಚಿತ್ರ ಕಟ್ಟುವ ಲೆಕ್ಕವಾದ ಇನ್ವರ್ಷನ್‌ನಲ್ಲಿ ಬದಲಾಗದ ಪದರವಾಗಿ ಕೂರಿಸಿ. ಇಲ್ಲದಿದ್ದರೆ ಸಾಫ್ಟ್‌ವೇರ್ ನೀರಿನ ಗುಣವನ್ನು ಕೆಸರಿನ ತಲೆಗೆ ಕಟ್ಟುತ್ತದೆ. ಆಗ ಕರಗಿದ ಪದರ ಇಲ್ಲದಷ್ಟು ದಪ್ಪವಾಗಿ ಕಾಣುತ್ತದೆ.

ಆರ್ಕ್ಟಿಕ್‌ನಲ್ಲಿ ಇದೇ ಕೆಲಸಕ್ಕೆ ಮಾರ್ಚ್-ಏಪ್ರಿಲ್ ಒಳ್ಳೆಯ ಕಾಲ. ಮಂಜುಗಡ್ಡೆ ದಪ್ಪವಿರುತ್ತದೆ, ಬೆಳಕೂ ಇರುತ್ತದೆ. ಗಡ್ಡೆ ಕೊರೆಯುವ ಆಗರ್‌ನಿಂದ 5 ಮೀಟರಿಗೊಂದು ತೂತು ಕೊರೆದು ತಂತಿಯನ್ನು ತಳಕ್ಕೆ ಬಿಡಬೇಕು. ತೂತು ಮತ್ತೆ ಹೆಪ್ಪುಗಟ್ಟಿ ತಂತಿಯನ್ನು ಕಚ್ಚಿಕೊಳ್ಳುವುದರೊಳಗೆ ಓಟ ಮುಗಿಯಬೇಕು. ನಡೆಯಲು ಕನಿಷ್ಠ 10 ಸೆಂ.ಮೀ. ಗಟ್ಟಿ, ತಿಳಿ ಮಂಜುಗಡ್ಡೆ ಬೇಕು. ಸರೋವರಕ್ಕೆಲ್ಲ ಅದೇ ದಪ್ಪ ಎಂದು ನಂಬಬೇಡಿ. ಮೀಥೇನ್ ಗುಳ್ಳೆ ಬಿಡದೆ ಏಳುವ ಜಾಗದಲ್ಲಿ ಗಡ್ಡೆ ತೆಳುವಾಗಿರುತ್ತದೆ, ಮೇಲೆ ಹಿಮ ಬಿದ್ದಿದ್ದರೆ ಕಣ್ಣಿಗೂ ಕಾಣದು. ಕೋಲಿನಿಂದ ಕುಟ್ಟಿ ನೋಡುತ್ತಲೇ ಹೆಜ್ಜೆ ಇಡಿ. ಮೈನಸ್ 30 ಡಿಗ್ರಿಯಲ್ಲಿ ಸಾಮಾನ್ಯ ಪಿವಿಸಿ ಕೇಬಲ್ ಸುರುಳಿ ಬಿಚ್ಚುವಾಗಲೇ ಸೀಳುತ್ತದೆ. ಲಿಥಿಯಂ ಬ್ಯಾಟರಿಯನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದು.

ಮಂಜುಗಡ್ಡೆಯ ದಪ್ಪ ಮತ್ತು ನೀರಿನ ಆಳಕ್ಕೆ 100 ಮೆಗಾಹರ್ಟ್ಸ್ ಜಿಪಿಆರ್, ಅಂದರೆ ಕೆಳಕ್ಕೆ ರೇಡಿಯೋ ಅಲೆ ಕಳಿಸಿ ಪ್ರತಿಫಲನ ಹಿಡಿಯುವ ರಾಡಾರ್, ಎಳೆಯಿರಿ. ಅಲೆಯ ವೇಗ ಮಂಜುಗಡ್ಡೆಯಲ್ಲಿ ನ್ಯಾನೋಸೆಕೆಂಡಿಗೆ 0.168 ಮೀಟರ್, ನೀರಿನಲ್ಲಿ 0.033. 1.5 ಮೀಟರ್ ಗಡ್ಡೆ, ಅದರಡಿ 3 ಮೀಟರ್ ನೀರು ಇದ್ದರೆ ತಳದ ಪ್ರತಿಫಲನ 200 ನ್ಯಾನೋಸೆಕೆಂಡಿಗೆ ಬರುತ್ತದೆ. ಹಾಗಾಗಿ ಟೈಮ್ ವಿಂಡೋ 300ಕ್ಕಿಂತ ಕಡಿಮೆ ಇಡಬೇಡಿ. ಗಡ್ಡೆಯ ಅಡಿಯಲ್ಲಿ ಪ್ರಖರವಾದ ಗೆರೆ ಬಂದರೆ ಕೆಳಗೆ ನೀರಿದೆ ಎಂದರ್ಥ, ಮಂಕಾಗಿದ್ದರೆ ಗಡ್ಡೆ ಹೆಪ್ಪುಗಟ್ಟಿದ ತಳಕ್ಕೇ ಕೂತಿರುವ ಸಾಧ್ಯತೆ ಹೆಚ್ಚು. ಬೆಂಗಳೂರಿನ ಕೊಳಕು ಕೆರೆಗಳಲ್ಲಿ ಇದರ ಅಭ್ಯಾಸಕ್ಕೆ ಹೋಗಬೇಡಿ. 10 ಓಮ್-ಮೀಟರ್ ನೀರು ಮೀಟರಿಗೆ ಸುಮಾರು 18 ಡೆಸಿಬೆಲ್ ನುಂಗಿಬಿಡುತ್ತದೆ.

ಟಾಲಿಕ್ 45 ಮೀಟರಿಗಿಂತ ಆಳವಿದ್ದರೆ ಟೆಮ್ ಬೇಕು. ಗಡ್ಡೆಯ ಮೇಲೆ 40 ಮೀಟರ್ ಚೌಕದ ತಂತಿ ಹಾಸಿ, ಕರೆಂಟ್ ತಟ್ಟನೆ ಕಡಿದು, ನೆಲದಲ್ಲಿ ಹುಟ್ಟಿದ ಸುಳಿ ಕರೆಂಟ್ ಹೇಗೆ ಅಡಗುತ್ತದೆಂದು ಅಳೆಯುವ ವಿಧಾನವಿದು. ಪರ್ಮಾಫ್ರಾಸ್ಟ್ ಎಲ್ಲಿ ಶುರುವಾಗುತ್ತದೆ ಎಂಬುದು ಇದರಿಂದ ಚೆನ್ನಾಗಿ ಸಿಗುತ್ತದೆ. ಅದರ ರೆಸಿಸ್ಟಿವಿಟಿ 2,000ವೋ 10,000ವೋ ಎಂಬುದು ಸಿಗುವುದಿಲ್ಲ, ಆ ಅಂಕಿಯನ್ನು ವರದಿಯಲ್ಲಿ ಬರೆಯಬೇಡಿ. ಇಲ್ಲಿನ ಕೆರೆಗಳ ಸುತ್ತಲಿನ ತಂತಿಬೇಲಿ ಸಿಗ್ನಲ್ ಕೆಡಿಸುವುದರಿಂದ ತಂತಿ ಹಾಸುವ ಕ್ರಮವನ್ನಷ್ಟೇ ಕಲಿಯಬಹುದು.

ಅರ್ಥೈಸುವಾಗ ಮೋಸಹೋಗುವುದು ಮುಖ್ಯವಾಗಿ ಎರಡು ಕಡೆ. ಕೆಸರಿನಲ್ಲಿ ಸಿಕ್ಕಿಕೊಂಡ ಗ್ಯಾಸ್ ರೆಸಿಸ್ಟಿವಿಟಿ ಏರಿಸಿ ಹೆಪ್ಪುಗಟ್ಟಿದ ನೆಲದಂತೆ ಕಾಣಿಸಿಕೊಳ್ಳುತ್ತದೆ. ಇದಕ್ಕೆ ತದ್ವಿರುದ್ಧವಾಗಿ, ಉಪ್ಪಿನಂಶವಿರುವ ಮಣ್ಣು ಅಥವಾ ನಯ ಜೇಡಿ ಮೈನಸ್ 1 ಡಿಗ್ರಿಯಲ್ಲೂ ಒಳಗೆ ದ್ರವ ನೀರು ಉಳಿಸಿಕೊಂಡು, ಕರಗಿದ ನೆಲದಂತೆ ತೋರುತ್ತದೆ. ಹೀಗಾಗಿ ಲೈನಿನ ಮೇಲೆ ಒಂದಾದರೂ ಬೋರ್‌ನಲ್ಲಿ ತಾಪಮಾನ ಅಳೆಯದೆ ಗೆರೆ ಎಳೆದು ಇದು ಸೊನ್ನೆ ಡಿಗ್ರಿ ಎನ್ನುವಂತಿಲ್ಲ. ಇನ್ವರ್ಷನ್ನನ್ನು ಎರಡು ಬೇರೆ ಆರಂಭಿಕ ಮೌಲ್ಯಗಳಿಂದ ನಡೆಸಿ, ಉದಾಹರಣೆಗೆ 100 ಮತ್ತು 1,000 ಓಮ್-ಮೀಟರ್. ಎರಡು ಚಿತ್ರಗಳೂ ಒಪ್ಪುವ ಆಳದವರೆಗೆ ಮಾತ್ರ ನಂಬಿ, ಅದರ ಕೆಳಗಿನದನ್ನು ಕತ್ತರಿಸಿ ತೆಗೆಯಿರಿ. ವರ್ಷದಿಂದ ವರ್ಷಕ್ಕೆ ಹೋಲಿಸುವ ಯೋಚನೆಯಿದ್ದರೆ ದಡದ ಗೂಟಗಳನ್ನು ಕೀಳದೆ ಅಲ್ಲೇ ಬಿಟ್ಟು, ಜಿಪಿಎಸ್ ಗುರುತು ಬರೆದಿಟ್ಟು, ಮುಂದಿನ ಸಲವೂ ಅದೇ ತಿಂಗಳು, ಅದೇ ಜೋಡಣೆಯಲ್ಲಿ ಅಳೆಯಿರಿ.